ಗೇಟಿನ ಮುಕ್ಕಾಲು ಗಂಟೆ

ಅವರ ಎಡಗಿವಿಯಲ್ಲಿ ಯಾವಾಗ ನೋಡಿದರೂ ಒಂದು ಇಯರ್‌ಫೋನ್ ಇರುತ್ತಿತ್ತು. ಅದರ ಬಿಳಿ ವಯರು ಎರಡು ಕಡೆ ತುಂಡಾಗಿತ್ತು. ಡಕ್ಟಿಗೆ ಅಂಟಿಸುವ ಬೆಳ್ಳಿ ಬಣ್ಣದ ಟೇಪನ್ನೇ ಅದಕ್ಕೂ ಸುತ್ತಿದ್ದರಿಂದ ಬೆಳಗಿನ ಬಿಸಿಲಿಗೆ ಅವರ ಕುತ್ತಿಗೆಯ ಹತ್ತಿರ ಏನೋ ಒಡವೆ ಇಟ್ಟ ಹಾಗೆ ಹೊಳೆಯುತ್ತಿತ್ತು. ಬಲಗಿವಿ ಖಾಲಿ. ಅದು ನಮ್ಮ ಮಾತು ಕೇಳಲಿಕ್ಕೆ.

ಇಷ್ಟನ್ನು ನಾನು ಈ ಮೊದಲು ಮೂರು ಸಲ ಬರೆದಿದ್ದೇನೆ. ಮೂರು ಸಲವೂ ಕಿವಿಯ ತನಕ ಬಂದು ಪೆನ್ನು ಮುಚ್ಚಿದ್ದೇನೆ. ಮುಂದೆ ಬರೆದರೆ ಅವರ ವಿಷಯ ಮುಗಿದು ನನ್ನ ವಿಷಯ ಶುರುವಾಗುತ್ತದೆ ಎಂದು ಗೊತ್ತಿತ್ತು. ಈಗ ನನಗೆ ಅರುವತ್ತೆಂಟು. ಕತಾರಿನ ಅಲ್ ವಕ್ರಾದಲ್ಲಿ ಮಗಳ ಫ್ಲ್ಯಾಟಿನಲ್ಲಿದ್ದೇನೆ. ಅವಳು ಡ್ಯೂಟಿಗೆ ಹೋದ ಮೇಲೆ ಮನೆಯಲ್ಲಿ ನಾನೊಬ್ಬನೇ. ಇನ್ನು ಮುಂದೂಡಲಿಕ್ಕೆ ನನ್ನಲ್ಲಿ ನೆಪ ಉಳಿದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ನಾವೆಲ್ಲ ಡಕ್ಟ್ ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು. ದೊಡ್ಡ ಕಟ್ಟಡಗಳಲ್ಲಿ ಎಸಿಯ ತಂಪು ಗಾಳಿ ಹೋಗುವ ತಗಡಿನ ಕೊಳವೆಗಳಿಗೆ ಡಕ್ಟ್ ಎನ್ನುತ್ತಾರೆ. ಅದನ್ನು ಕತ್ತರಿಸಿ, ಮಡಚಿ, ಚಾವಣಿಗೆ ಏರಿಸಿ ಕೂರಿಸುವುದು ಅವರ ಕೆಲಸ. ಕಾರ್ಕಳದ ಕಡೆಯವರು, ಮನೆಮಾತು ತುಳು. ಶಾಲೆಗೆ ಹೋದದ್ದು ಏಳನೆಯ ತನಕ, ಇಂಗ್ಲಿಷ್ ಕೇಳಿ ಕೇಳಿಯೇ ತಿಳಿದುಕೊಂಡದ್ದು, ಬರೆಯಲಿಕ್ಕೆ ಬಾರದು. ನನಗಿಂತ ಹನ್ನೆರಡು ವರ್ಷ ಚಿಕ್ಕವರು. ಆದರೂ ಬರೆಯುವಾಗ 'ಅವನು' ಎಂದು ಬರುವುದಿಲ್ಲ. ಅದೂ ನನಗೆ ಒಂದು ಕಾಲದಲ್ಲಿ ಹೊಟ್ಟೆಕಿಚ್ಚಿನ ವಿಷಯವೇ ಆಗಿತ್ತು. ಈ ಮನುಷ್ಯನನ್ನು ಬಸ್ಸಿನಲ್ಲಿ ಯಾರೂ ಏಕವಚನದಲ್ಲಿ ಕರೆಯುವುದಿಲ್ಲವಲ್ಲ, ಯಾಕೆ ಎಂದು.

ನಾನು ಅವರಿದ್ದ ಕಂಪೆನಿಯಲ್ಲೇ ಟೈಮ್‌ಕೀಪರ್, ಕೆಲಸಗಾರರ ಹಾಜರಿ ಬರೆಯುವವನು. ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸಿನಲ್ಲಿ ಪಾಸಾದವನು. ಊರಿನಲ್ಲಿ ಅದಕ್ಕೆ ಏನೂ ಬೆಲೆ ಸಿಗಲಿಲ್ಲ, ಕತಾರಿನಲ್ಲಿ ಸಿಕ್ಕಿತು. ನಾವೆಲ್ಲ ಉಳಿಯುವ ಕ್ಯಾಂಪು ಇಂಡಸ್ಟ್ರಿಯಲ್ ಏರಿಯಾದಲ್ಲಿ. ಅಲ್ಲಿಂದ ಬೆಳಿಗ್ಗೆ ಕಂಪೆನಿಯ ಬಸ್ಸುಗಳಲ್ಲಿ ಸೈಟಿಗೆ ಹೋಗುವುದು. ಉಡುಪಿ, ಮಂಗಳೂರು ಕಡೆಯವರು ಹೆಚ್ಚಾಗಿ ಮೊದಲನೆಯ ಬಸ್ಸಿನಲ್ಲಿ. ಡ್ರೈವರ್‌ನ ಹಿಂದಿನ ಸೀಟು ನನ್ನದು. ಯಾರಿಗೂ ಹೇಳಿ ಮೀಸಲಿಟ್ಟದ್ದಲ್ಲ, ಆದರೆ ಅದರಲ್ಲಿ ಬೇರೆಯವರು ಕೂರುತ್ತಿರಲಿಲ್ಲ. ರಜೆಯ ಅರ್ಜಿ, ಬ್ಯಾಂಕಿನ ಫಾರಂ, ಫೋರ್‌ಮನ್ ಮೇಲೆ ದೂರು, ಎಲ್ಲ ಇಂಗ್ಲಿಷಿನಲ್ಲಿ ಬರೆದುಕೊಡುತ್ತಿದ್ದವನು ನಾನು. 'ಪೊರ್ಬುಗಳ ಹತ್ತಿರ ಕೇಳುವಾ' ಎನ್ನುತ್ತಿದ್ದರು. ನಮ್ಮ ಕಡೆ ಕ್ರೈಸ್ತರನ್ನು ತುಳುವರು ಹಾಗೆ ಕರೆಯುವುದು. ಬೆಳಿಗ್ಗೆ ನಾನು ಪೇಪರಿನಲ್ಲೋ ಮೊಬೈಲಿನಲ್ಲೋ ಸುದ್ದಿ ನೋಡಿ ಎರಡು ಮಾತು ಹೇಳಿದರೆ ಬಸ್ಸೆಲ್ಲ ಕೇಳುತ್ತಿತ್ತು. ಇಪ್ಪತ್ತು ವರ್ಷ ಹಾಗೆ ನಡೆದಿತ್ತು.

ಡಕ್ಟ್ ಮೇಸ್ತ್ರಿ ಕಂಪೆನಿಗೆ ಹೊಸದಾಗಿ ಬಂದವರು ಬಸ್ಸಿನ ಕಟ್ಟಕಡೆಯ ಸೀಟಿನಲ್ಲಿ ಕೂತರು. ಮೊದಲ ಒಂದು ವಾರ ಏನೂ ಮಾತಾಡಲಿಲ್ಲ, ಕೇಳುತ್ತಾ ಇದ್ದರು. ಏನು ಕೇಳುತ್ತಾರೆ ಎಂದು ಹುಡುಗರಿಗೆ ಕುತೂಹಲ. ಭಜನೆಯೋ ಯಕ್ಷಗಾನವೋ ಎಂದುಕೊಂಡಿದ್ದರು. ಒಂದು ದಿನ ಡ್ರೈವರ್ ಕಾಕಾ ಕನ್ನಡಿಯಲ್ಲಿ ನೋಡಿ ಕೇಳಿಯೇ ಬಿಟ್ಟರು. ಕಾಕಾ ಬಂಟ್ವಾಳದ ಬ್ಯಾರಿ ಮುಸ್ಲಿಮರು, ನಾಲಗೆ ಚುರುಕು.

"ಎಂತ ಮೇಸ್ತ್ರಿ, ಊರಿಂದ ಬರ್ತಾ ಕಿವಿಗೆ ದಾರ ಹಾಕಿಸ್ಕೊಂಡು ಬಂದದ್ದಾ?"

"ಅಮೆರಿಕದ್ದು ಕಾಕಾ. ಎಲೆಕ್ಷನಿನ ಮಾತು."

"ಅಮೆರಿಕಕ್ಕೆ ವೋಟು ಹಾಕ್ಲಿಕ್ಕುಂಟಾ ನಿಮ್ಗೆ? ಮೊದ್ಲೇ ಹೇಳಿ, ಬಸ್ಸು ಎಲ್ಲಿ ನಿಲ್ಲಿಸ್ಬೇಕು ಅಂತ."

ಬಸ್ಸೆಲ್ಲ ನಕ್ಕಿತು. ಅವರೂ ನಕ್ಕರು. ಆಮೇಲೆ ಹೇಳಿದರು, "ನಮ್ಗೆ ಇಲ್ಲಿ ವೋಟಿಲ್ಲ. ಊರಿನದ್ದು ಹಾಕ್ಲಿಕ್ಕೆ ಹೋಗ್ಲಿಕ್ಕೆ ಆಗುದಿಲ್ಲ. ಹಾಗಾಗಿ ಅವ್ರದ್ದು ಕೇಳುದು. ಅವ್ರು ಸಂಬಳದ ವಿಷಯಕ್ಕೆ ಬಾಯಿ ಬಿಟ್ಟು ಜಗಳ ಮಾಡ್ತಾರೆ ಕಾಕಾ. ಕೇಳಿದ್ರೆ ಕಲೀಲಿಕ್ಕೆ ಸುಮಾರು ಉಂಟು."

ಅಂದಿನಿಂದ ನನ್ನ ಬೆಳಗು ಕೆಟ್ಟಿತು. ಬಸ್ಸು ಹೊರಟ ಹತ್ತು ನಿಮಿಷಕ್ಕೆ ಯಾರಾದರೂ ಕೇಳುತ್ತಿದ್ದರು, "ಮೇಸ್ತ್ರಿ, ಇವತ್ತು ಅಮೆರಿಕದಲ್ಲಿ ಎಂತ?" ಅವರು ಹೇಳುತ್ತಿದ್ದರು. ಅಲ್ಲಿ ಹೋಟೆಲಿನಲ್ಲಿ ಬಡಿಸುವವರಿಗೆ ಧಣಿ ಕೊಡುವುದು ಸ್ವಲ್ಪವೇ, ಉಳಿದದ್ದನ್ನು ಗಿರಾಕಿ ಟಿಪ್ಸ್ ಎಂದು ಕೊಟ್ಟು ತುಂಬಿಸಬೇಕಂತೆ. ಕೇಂದ್ರ ಸರಕಾರದ ಕನಿಷ್ಠ ಕೂಲಿ ಎಷ್ಟೋ ವರ್ಷಗಳಿಂದ ನಿಂತಲ್ಲೇ ನಿಂತಿದೆಯಂತೆ, ಕೆಲವು ರಾಜ್ಯಗಳು ಕಾದು ಸಾಕಾಗಿ ತಾವೇ ಏರಿಸಿವೆಯಂತೆ. ಗೋದಾಮಿನ ಕೆಲಸಗಾರರು, ಕಾಫಿ ಅಂಗಡಿಯ ಹುಡುಗಿಯರು ಯೂನಿಯನ್ ಕಟ್ಟಲಿಕ್ಕೆ ಹೊರಟಿದ್ದಾರಂತೆ. ಇವನ್ನೆಲ್ಲ ಕಾರ್ಕಳದ ಪೇಟೆಯ ಸುದ್ದಿಯಂತೆ ಹೇಳುತ್ತಿದ್ದರು. ಕೈ ಆಡಿಸುವುದಿಲ್ಲ, ಸ್ವರ ಏರಿಸುವುದಿಲ್ಲ. ಆ ಕೈಗಳಾದರೂ ನೋಡಲಿಕ್ಕೆ ಚಂದದ್ದಲ್ಲ, ತಗಡು ತಾಗಿ ತಾಗಿ ಬೆರಳೆಲ್ಲ ಗೀರು, ಬಲದ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು.

"ನೀವು ಯಾವ ಪಾರ್ಟಿ?" ಎಂದು ನಾನೊಮ್ಮೆ ಮುಂದಿನಿಂದ ಕೇಳಿದೆ. ಸಿಕ್ಕಿಸಲಿಕ್ಕೇ ಕೇಳಿದ್ದು.

"ಯಾವ ಪಾರ್ಟಿಯೂ ನನ್ನ ಮಾವನದ್ದಲ್ಲ ಪೊರ್ಬುಗಳೇ. ಕೂಲಿ ವಿಷಯ ಯಾರು ಎಂತ ಹೇಳ್ತಾರೆ, ಹೇಳಿದ್ದು ಮಾಡ್ತಾರಾ, ಅಷ್ಟೇ ನಾನು ನೋಡುದು."

ಹಿಂದೆ ಕೂತ ಆ ಮನುಷ್ಯನ ಮಾತು ಕೇಳಲಿಕ್ಕೆ ಎಲ್ಲರೂ ಹಿಂದಕ್ಕೆ ತಿರುಗಿ ಕೂರುತ್ತಿದ್ದರು. ನಾನು ತಿರುಗಿದರೆ ಕಾಣುತ್ತಿದ್ದದ್ದು ಮೂವತ್ತು ನಲ್ವತ್ತು ತಲೆಗಳ ಹಿಂಭಾಗ. ನನಗೆ ಕತಾರಿನಲ್ಲಿ ಅಷ್ಟು ವರ್ಷ ಇದ್ದ ಸ್ಥಾನ ಹೋದದ್ದು ಹಾಗೆ, ಯಾರೂ ನನಗೆ ಒಂದು ಕೆಟ್ಟ ಮಾತು ಆಡದೆ. ಅರ್ಜಿ ಬರೆಸಲಿಕ್ಕೆ ಮಾತ್ರ ನನ್ನಲ್ಲಿಗೇ ಬರುತ್ತಿದ್ದರು. ಆದರೆ ಬರುವಾಗ ಏನು ಬರೆಯಬೇಕೆಂದು ಮೇಸ್ತ್ರಿಯಲ್ಲಿ ಕೇಳಿಕೊಂಡೇ ಬರುತ್ತಿದ್ದರು. 'ದಯವಿಟ್ಟು ಕೊಡಬೇಕಾಗಿ ಪ್ರಾರ್ಥನೆ' ಎಂದು ನಾನು ಬರೆದರೆ ಒಬ್ಬ ಹುಡುಗ ಹೇಳಿದ, "ಪ್ರಾರ್ಥನೆ ಬೇಡ ಅಂತೆ ಪೊರ್ಬುಗಳೇ. ಬಾಕಿ ಇದ್ದ ರಜೆ ಅಲ್ವಾ, ಕೊಡಬೇಕು ಅಂತ ಬರೀರಿ ಸಾಕಂತೆ." ಬರೆದೆ. ರಜೆ ಸಿಕ್ಕಿತು. ಅದು ಸಿಗದಿದ್ದರೆ ನನಗೆ ಆ ರಾತ್ರಿ ಊಟ ರುಚಿಸುತ್ತಿತ್ತು ಎಂದು ಹೇಳಲಿಕ್ಕೆ ಈಗ ನಾಚಿಕೆಯಾಗುತ್ತದೆ.

ಅವರಲ್ಲಿ ಇನ್ನೊಂದು ಅಭ್ಯಾಸ ಇತ್ತು. ಯಾರಾದರೂ ನಿಜವಾದ ಕಷ್ಟ ಹೇಳಲಿಕ್ಕೆ ಬಂದರೆ ಎಡಗಿವಿಯ ಇಯರ್‌ಫೋನನ್ನೂ ತೆಗೆದು ಜೇಬಿಗೆ ಹಾಕುತ್ತಿದ್ದರು. ಮಾತಾಡುವವನಿಗೆ ಅಷ್ಟರಲ್ಲೇ ಅರ್ಧ ಸಮಾಧಾನ. ನನಗೆ ಕಷ್ಟ ಇರಲಿಲ್ಲವೆಂದಲ್ಲ. ಹೆಂಡತಿಗೆ ಊರಿನಲ್ಲಿ ಆಪರೇಷನ್ ಆದ ವರ್ಷ ಅದು. ಆದರೆ ಅವರ ಹತ್ತಿರ ಹೋಗಿ ಹೇಳಲಿಲ್ಲ. ಆ ವಯರು ನನಗಾಗಿ ಕೆಳಗಿಳಿಯುವುದನ್ನು ನೋಡಲಿಕ್ಕೆ ಮನಸ್ಸಿತ್ತು, ಇಳಿಸಿಕೊಳ್ಳಲಿಕ್ಕೆ ಅಭಿಮಾನ ಬಿಡಲಿಲ್ಲ.

ಆ ವರ್ಷ ಕಂಪೆನಿಯಲ್ಲಿ ಕಾರ್ಮಿಕರದ್ದೂ ಆಡಳಿತದವರದ್ದೂ ಸೇರಿ ಒಂದು ಜಂಟಿ ಸಮಿತಿ ಮಾಡಿದರು. ಕಾರ್ಮಿಕರ ಕಡೆಯವರನ್ನು ಕಾರ್ಮಿಕರೇ ಆರಿಸಬೇಕು. ಮೆಸ್ಸಿನಲ್ಲಿ ಪೆಟ್ಟಿಗೆ ಇಟ್ಟು, ಫೋಟೋ ಹಾಕಿದ ಚೀಟಿ ಕೊಟ್ಟು, ನಿಜವಾದ ಚುನಾವಣೆಯ ಹಾಗೆಯೇ. ಹೆಸರು ಸೂಚಿಸುವ ದಿನ ನಾನು ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಮುಂದೆಯೇ ನಿಂತಿದ್ದೆ. ಯಾರಾದರೂ ನನ್ನ ಹೆಸರು ಹೇಳಿಯಾರು ಎಂದು. ಒಬ್ಬರೂ ಹೇಳಲಿಲ್ಲ. ಚೀಟಿ ಹಂಚುವ ಕೆಲಸ ಮಾತ್ರ ನನಗೆ ಬಂತು. ಅವರ ಮುಖವಿದ್ದ ಚೀಟಿಯನ್ನು ನನ್ನ ಕೈಯಾರೆ ಇನ್ನೂರು ಜನರಿಗೆ ಹಂಚಿದೆ. ದೊಡ್ಡ ಅಂತರದಲ್ಲಿ ಗೆದ್ದರು.

ಇನ್ನು ಗೇಟಿನ ವಿಷಯ. ಬಸ್ಸು ಸೈಟಿನ ಗೇಟಿಗೆ ಮುಟ್ಟಿದ ಮೇಲೆ ಎಲ್ಲರೂ ಇಳಿದು ಸಾಲಾಗಿ ನಿಲ್ಲಬೇಕು. ಸೆಕ್ಯುರಿಟಿಯವರು ಒಬ್ಬೊಬ್ಬರ ಕಾರ್ಡು, ಚೀಲ ನೋಡಿ ಒಳಗೆ ಬಿಡಬೇಕು. ಒಳಗೆ ಹೋಗಿ ಯಂತ್ರದ ಮೇಲೆ ಬೆರಳು ಒತ್ತಿದ ಮೇಲೆಯೇ ಡ್ಯೂಟಿ ಶುರು. ಬಸ್ಸು ಮುಟ್ಟಿ ಬೆರಳು ಒತ್ತುವಷ್ಟರಲ್ಲಿ ದಿನಾ ಮುಕ್ಕಾಲು ಗಂಟೆ ಹೋಗುತ್ತಿತ್ತು. ನೆರಳಿಲ್ಲ. ಬೇಸಿಗೆಯಲ್ಲಿ ಸೂರ್ಯ ಏಳುವ ಮೊದಲೇ ಸಮುದ್ರದ ಕಡೆಯಿಂದ ಹಬೆಯಂಥ ಸೆಕೆ. ಆ ಮುಕ್ಕಾಲು ಗಂಟೆ ಯಾರ ಲೆಕ್ಕಕ್ಕೂ ಇರಲಿಲ್ಲ.

ಒಂದು ಬೆಳಿಗ್ಗೆ ಮೇಸ್ತ್ರಿ ಬಸ್ಸಿನಲ್ಲಿ ಹೇಳಿದರು, "ಅಮೆರಿಕದಲ್ಲಿ ಗೋದಾಮಿನವ್ರು ಹೀಗೇ ಒಮ್ಮೆ ಕೇಳಿದ್ರಂತೆ. ಕೆಲಸ ಮುಗಿದ ಮೇಲೆ ಚೀಲ ನೋಡ್ಲಿಕ್ಕೆ ಸಾಲಲ್ಲಿ ನಿಲ್ಲಿಸ್ತಾರೆ, ಆ ಹೊತ್ತಿಗೂ ಸಂಬಳ ಕೊಡಿ ಅಂತ."

"ಸಿಕ್ಕಿತಾ?" ಎಂದರು ಕಾಕಾ.

"ಇಲ್ಲ. ದೊಡ್ಡ ಕೋರ್ಟಿನ ತನಕ ಹೋಗಿ ಸೋತ್ರು."

"ಸೋತದ್ದನ್ನು ಎಂತಕ್ಕೆ ಹೇಳುದು ಮಾರಾಯ್ರೆ ಬೆಳಿಗ್ಗೆ ಬೆಳಿಗ್ಗೆ?"

"ಕೇಳ್ಬಹುದು ಅಂತ ಗೊತ್ತಾಯ್ತಲ್ಲ ಕಾಕಾ. ನಮ್ಗೆ ಅದೇ ಗೊತ್ತಿರ್ಲಿಲ್ಲ. ನಾವಾಗಿ ನಿಂತದ್ದಲ್ಲ, ನಿಲ್ಲಿಸಿದ್ದು. ನಿಲ್ಲಿಸಿದವ್ರು ಲೆಕ್ಕ ಹಿಡೀಬೇಕು."

ಬಸ್ಸಿನಲ್ಲಿ ಯಾರೂ ನಗಲಿಲ್ಲ. ನನ್ನ ತಲೆಯಲ್ಲಿ ಒಂದೇ ಮಾತು: ಇಪ್ಪತ್ತು ವರ್ಷ ನಾನು ಆ ಗೇಟುಗಳಲ್ಲಿ ನಿಂತೆ, ಇದು ನನಗೆ ಯಾಕೆ ಹೊಳೆಯಲಿಲ್ಲ?

ಸಮಿತಿಯ ಸಭೆ ಮೆಸ್ಸಿನಲ್ಲೇ ನಡೆಯಿತು, ಶುಕ್ರವಾರ ಊಟವಾದ ಮೇಲೆ. ಬಾಗಿಲು ಕಿಟಕಿಗಳಲ್ಲೆಲ್ಲ ಜನ ನಿಂತಿದ್ದರು. ನನ್ನನ್ನು ನಡಾವಳಿ ಬರೆಯಲಿಕ್ಕೆ ಕೂರಿಸಿದ್ದರು. ಮೇಸ್ತ್ರಿ ಎದ್ದು ತಮ್ಮ ಹಿಂದಿಯಲ್ಲಿ ಗೇಟಿನ ವಿಷಯ ಹೇಳಿದರು. ಮ್ಯಾನೇಜರು ಸಿಟ್ಟಾಗಲಿಲ್ಲ. ಸೆಕ್ಯುರಿಟಿಯವರು ಐದೇ ನಿಮಿಷ ಎಂದು ಬರೆದುಕೊಟ್ಟಿದ್ದಾರೆ, ನೀವು ಮುಕ್ಕಾಲು ಗಂಟೆ ಎನ್ನುತ್ತೀರಿ, ನಾನು ಯಾರನ್ನು ನಂಬಬೇಕು, ಪುರಾವೆ ಏನಿದೆ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ಮೇಸ್ತ್ರಿ ನನ್ನ ಕಡೆ ತಿರುಗಿದರು. "ನಮ್ಮ ಟೈಮ್‌ಕೀಪರ್ ಇದ್ದಾರಲ್ಲ ಸರ್. ಅವ್ರು ದೂರು ತಂದವ್ರೂ ಅಲ್ಲ, ಸೆಕ್ಯುರಿಟಿಯೂ ಅಲ್ಲ. ದಿನಾ ಮೊದಲ ಬಸ್ಸಿನಲ್ಲಿ ಬಂದು ಗೇಟಲ್ಲಿ ತಲೆ ಎಣಿಸುವವ್ರು. ಅವ್ರನ್ನೇ ಕೇಳಿ. ಅವ್ರು ಹೇಳಿದ್ದು ನಮ್ಗೆ ಒಪ್ಪಿಗೆ."

ನನ್ನಲ್ಲಿ ಒಂದು ಮಾತೂ ಮೊದಲು ಕೇಳಿರಲಿಲ್ಲ. ಅಷ್ಟು ನಂಬಿಕೆ ಇಟ್ಟಿದ್ದರು.

ನನ್ನ ಅಂಗಿಯ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ ಇತ್ತು. ಕಂಪೆನಿ ಕೇಳಿದ್ದಲ್ಲ, ನನ್ನದೇ ಅಭ್ಯಾಸ. ಪ್ರತಿ ಬಸ್ಸು ಗೇಟಿಗೆ ಮುಟ್ಟಿದ ಹೊತ್ತು, ಆ ಬಸ್ಸಿನ ಕೊನೆಯವನು ಬೆರಳು ಒತ್ತಿದ ಹೊತ್ತು, ದಿನ ಬಿಡದೆ ಬರೆದಿಟ್ಟಿದ್ದೆ. ಅದನ್ನು ತೆಗೆದು ಮೇಜಿನ ಮೇಲಿಟ್ಟರೆ ಮುಗಿಯಿತು. ಮ್ಯಾನೇಜರು ನನ್ನನ್ನು ಗದರಿಸುವವರೂ ಅಲ್ಲ, ನನ್ನ ಕೆಲಸಕ್ಕೆ ಏನೂ ಆಗುತ್ತಿರಲಿಲ್ಲ. ಮೇಸ್ತ್ರಿ ಬಂದ ಎರಡು ವರ್ಷದಲ್ಲಿ ಮೊದಲ ಸಲ ಇಷ್ಟು ಜನ ನನ್ನ ಮುಖ ನೋಡುತ್ತಿದ್ದರು. ಆದರೆ ನಾನು ಕಂಡದ್ದು ಬೇರೆ. ನಾನು ನಿಜ ಹೇಳಿದರೆ ಗೆಲ್ಲುವುದು ಮೇಸ್ತ್ರಿ. ಇನ್ನು ಹತ್ತು ವರ್ಷ ಕ್ಯಾಂಪಿನಲ್ಲಿ ಹೇಳುವುದು ಅವರ ಹೆಸರು. ನಾನು ಬರೆದಿಟ್ಟ ಹೊತ್ತು, ಅವರ ಗೆಲುವು.

"ಐದು ನಿಮಿಷ ಸರ್," ಎಂದೆ. "ಹೆಚ್ಚೆಂದರೆ ಏಳು."

ಮ್ಯಾನೇಜರು 'ಖಲಾಸ್' ಎಂದು ಮುಂದಿನ ವಿಷಯಕ್ಕೆ ಹೋದರು. ನಾನು ಆ ಉತ್ತರವನ್ನು ನನ್ನದೇ ಅಕ್ಷರದಲ್ಲಿ ನಡಾವಳಿಯಲ್ಲಿ ಬರೆದೆ. ಮೇಸ್ತ್ರಿ ನನ್ನನ್ನು ಒಂದು ಕ್ಷಣ ನೋಡಿದರು. ಸಿಟ್ಟಿನ ನೋಟವಾಗಿದ್ದರೆ ಸಹಿಸಬಹುದಿತ್ತು. ಯಾರೋ ಎಡವಿದ್ದನ್ನು ನೋಡಿದವರ ಹಾಗೆ ನೋಡಿದರು.

ಮರುದಿನ ಬಸ್ಸು ಹತ್ತಿದರೆ ಕಾಕಾ ಜೋರಾಗಿ, "ಐದು ನಿಮಿಷದವ್ರು ಬಂದ್ರು, ಯಲ್ಲಾ, ಹೊರಡುವಾ, ಬಾಗಿಲು ಹಾಕಿ," ಎಂದರು. ಯಾರೋ ಹಿಂದಿನಿಂದ, "ಏಳು ಕಾಕಾ, ಏಳು. ಹೆಚ್ಚೆಂದ್ರೆ," ಎಂದ. ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದವನು ಎದ್ದು ಹಿಂದೆ ಹೋಗಿ ನಿಂತ. ನಿಂತು ಹೋದರೂ ಪರವಾಗಿಲ್ಲ, ನನ್ನ ಪಕ್ಕ ಬೇಡ ಎಂದು. ಎರಡು ದಿನ ಹೀಗೆ ನಡೆಯಿತು.

ಮೂರನೆಯ ದಿನ ಮೇಸ್ತ್ರಿ ಹಿಂದಿನಿಂದ ಎದ್ದು ಬಂದು ನನ್ನ ಪಕ್ಕ ಕೂತರು. ಎಡಗಿವಿಯ ಇಯರ್‌ಫೋನ್ ತೆಗೆದು ಜೇಬಿಗೆ ಹಾಕಿದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಪೊರ್ಬುಗಳಿಗೆ ಮನೆಯಲ್ಲಿ ಕಾಯಿಲೆಯವ್ರಿದ್ದಾರೆ, ಮಗಳು ನರ್ಸಿಂಗ್ ಓದ್ತಾ ಉಂಟು. ಮ್ಯಾನೇಜರ್ ಎದುರಲ್ಲಿ ಕೂತು ಹೇಳಿ ಅಂದ್ರೆ ಯಾರಿಗೆ ಹೆದ್ರಿಕೆ ಆಗುದಿಲ್ಲ? ನಿಮ್ಗೆ ಆಗುದಿಲ್ವಾ? ಇನ್ನು ಆ ಮಾತು ಈ ಬಸ್ಸಲ್ಲಿ ಬೇಡ."

ನಾನು ಹೇಳದ ಕಷ್ಟವೂ ಅವರಿಗೆ ಗೊತ್ತಿತ್ತು. ಆ ವಾರವಿಡೀ ಅವರು ನನ್ನ ಪಕ್ಕ ಕೂತೇ ಬಂದರು. ಈಗ ಬಸ್ಸೆಲ್ಲ ಮುಂದಕ್ಕೆ ತಿರುಗಿ ಕೂರುತ್ತಿತ್ತು. ಎಲ್ಲರ ಮುಖವೂ ನನ್ನ ಸೀಟಿನ ಕಡೆಗೆ. ಆದರೆ ನೋಡುತ್ತಿದ್ದದ್ದು ಅವರನ್ನು. ನನ್ನನ್ನು ಕಾಪಾಡಲಿಕ್ಕೆ ಬಂದ ಮನುಷ್ಯನ ಪಕ್ಕ ಕೂತುಕೊಂಡು, ಅವರ ಮೊಣಕೈ ನನ್ನ ಮೊಣಕೈಗೆ ತಾಗುತ್ತಿರುವಾಗಲೂ ನನ್ನ ಹೊಟ್ಟೆಯೊಳಗೆ ಉರಿಯುತ್ತಿತ್ತು. ಇದಕ್ಕಿಂತ ಕೀಳಾದದ್ದನ್ನು ನಾನು ನನ್ನ ಬಗ್ಗೆ ತಿಳಿದಿಲ್ಲ.

ಆ ಬೇಸಿಗೆ ಪೂರ್ತಿ ಜನ ಗೇಟಿನಲ್ಲಿ ನಿಂತರು. ನಾನೂ ದಿನಾ ಅವರೆದುರೇ ತಲೆ ಎಣಿಸುತ್ತಾ ನಿಂತೆ, ಜೇಬಿನ ನೋಟ್‌ಬುಕ್ಕಿನಲ್ಲಿ ಹೊತ್ತು ಬರೆಯುತ್ತಾ. ಒಂದು ದಿನ ಪೈಪಿಗೆ ಹೊದಿಕೆ ಹಾಕುವ ಕೆಲಸದವರೊಬ್ಬರು, ನನ್ನ ವಯಸ್ಸಿನವರು, ಸಾಲಿನಲ್ಲೇ ಕುಸಿದರು. ಆಂಬುಲೆನ್ಸ್ ಬಂತು. ಬದುಕಿದರು, ಆದರೆ ಇನ್ನು ಕೆಲಸಕ್ಕಾಗದು ಎಂದು ಊರಿಗೆ ಹೋದರು. ಬಿದ್ದಾಗ ಸಾಲಿನಲ್ಲಿ ನಿಂತು ಎಷ್ಟು ಹೊತ್ತಾಗಿತ್ತು ಎಂದು ಆಸ್ಪತ್ರೆಯವರು ಕೇಳಿದರಂತೆ. ನನ್ನ ಪುಸ್ತಕದಲ್ಲಿ ಮೂವತ್ತೆಂಟು ನಿಮಿಷ ಎಂದಿತ್ತು. ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪುರಾವೆಯಿಲ್ಲದ ದೂರು ತಂದವರು ಎಂಬ ಹೆಸರು ಆಫೀಸಿನಲ್ಲಿ ಮೇಸ್ತ್ರಿಗೆ ಅಂಟಿಕೊಂಡಿತು. ಅವರು ಏನು ಕೇಳಿದರೂ, "ಗೇಟಿನ ಹಾಗೆಯಾ?" ಎಂದು ಮ್ಯಾನೇಜರು ನಗುತ್ತಿದ್ದರು. ಮುಂದಿನ ವರ್ಷ ಅವರು ಸಮಿತಿಗೆ ನಿಲ್ಲಲಿಲ್ಲ. ಕಾಂಟ್ರಾಕ್ಟ್ ಮುಗಿದದ್ದೇ ಬೇರೆ ಕಂಪೆನಿಗೆ ಹೋದರು. ಅಲ್ಲಿ ಫೋರ್‌ಮನ್ ಆದರು ಎಂದು ಕೇಳಿದಾಗ ನನಗೆ ಸಂತೋಷವಾಯಿತು ಎಂದು ಎಲ್ಲರೆದುರು ಹೇಳಿದೆ.

ನಮ್ಮಲ್ಲಿ ಪಾಪನಿವೇದನೆ ಎಂದು ಇದೆ, ಕೊಂಕಣಿಯಲ್ಲಿ ಕುಮ್ಸಾರ್ ಎನ್ನುತ್ತೇವೆ. ಈಸ್ಟರಿನ ಮೊದಲು ಚರ್ಚಿಗೆ ಹೋಗಿ ಮಂಡಿಯೂರಿ ಫಾದರ್ ಹತ್ತಿರ ಹೇಳಿದೆ, ನಾನೊಂದು ಸುಳ್ಳು ಹೇಳಿ ಬಹಳ ಜನರಿಗೆ ತೊಂದರೆ ಮಾಡಿದ್ದೇನೆ ಎಂದು. "ಹೆದರಿ ಹೇಳಿದ್ದಾ?" ಎಂದು ಅವರು ಮೆಲ್ಲಗೆ ಕೇಳಿದರು. ಬಸ್ಸಿನಲ್ಲಿ ಮೇಸ್ತ್ರಿ ನನಗೆ ಹೊದಿಸಿದ ಅದೇ ಮಾತು. "ಹೌದು ಫಾದರ್," ಎಂದೆ. ದೇವರೆದುರು ಕೂಡ ಹೊಟ್ಟೆಕಿಚ್ಚು ಎಂಬ ಶಬ್ದ ಬಾಯಿಗೆ ಬರಲಿಲ್ಲ. ಹೆದರಿಕೆಗೆ ಜನ ಕನಿಕರ ತೋರಿಸುತ್ತಾರೆ, ಹೊಟ್ಟೆಕಿಚ್ಚಿಗೆ ಯಾರು ತೋರಿಸುತ್ತಾರೆ?

ಕೊನೆಯ ಸಲ ಅವರನ್ನು ಕಂಡದ್ದು ಇಲ್ಲೇ, ಅಲ್ ವಕ್ರಾದ ಸಮುದ್ರದ ಬದಿಯಲ್ಲಿ. ನಾನು ಆಗಲೇ ನಿವೃತ್ತನಾಗಿ ಮಗಳ ಮನೆಗೆ ಬಂದಿದ್ದೆ. ಸಂಜೆ ನಡೆಯಲಿಕ್ಕೆ ಹೋದವನನ್ನು ಯಾರೋ, "ಪೊರ್ಬುಗಳೇ!" ಎಂದು ಕೂಗಿದರು. ಗುರುತು ಸಿಗಲಿಕ್ಕೆ ಹೊತ್ತು ಬೇಕಾಯಿತು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಅಂಗಿಯ ಕಾಲರು ಕುತ್ತಿಗೆಗೆ ದೊಡ್ಡದಾಗಿತ್ತು. ಕಿಡ್ನಿ ಎಂದರು. ಮುಂದಿನ ವಾರ ಊರಿಗೆ, ಇನ್ನು ಬರುವುದಿಲ್ಲ.

ಕಲ್ಲಿನ ಕಟ್ಟೆಯ ಮೇಲೆ ಕೂತೆವು. ನನ್ನ ಮಗಳ ಕೆಲಸ, ಅವರ ಮಗನ ಐಟಿಐ, ಕಾಕಾನ ಮಂಡಿನೋವು, ಎಲ್ಲ ಮಾತಾಯಿತು. ಅಮೆರಿಕದ ಎಲೆಕ್ಷನು ಈಗಲೂ ಕೇಳುತ್ತೀರಾ ಎಂದು ನಾನೇ ಕೇಳಿದೆ. "ಕೇಳ್ತೇನೆ. ನಾವು ಬಯಸಿದವ್ರು ಸೋಲುದೇ ಹೆಚ್ಚು," ಎಂದು ನಕ್ಕರು. ಆಮೇಲೆ ಹೇಳಿದರು:

"ಪೊರ್ಬುಗಳೇ, ಒಂದು ಮಾತು ಹೇಳ್ಲಿಕ್ಕುಂಟು. ಅವತ್ತು ಮೆಸ್ಸಲ್ಲಿ ನಾನು ನಿಮ್ಮನ್ನು ಒಂದು ಮಾತು ಕೇಳದೆ ಎಲ್ಲರೆದುರು ಸಾಕ್ಷಿಗೆ ಎಳೆದೆ. ನಿಮ್ಗೆ ಮನೆಯಲ್ಲಿ ಅಷ್ಟು ತಾಪತ್ರಯ ಇರುವಾಗ. ಗೆಲ್ಬೇಕು ಅನ್ನುವ ಹುಕಿಯಲ್ಲಿ ನನ್ಗೆ ನಿಮ್ಮ ಕಷ್ಟ ಕಾಣ್ಲಿಲ್ಲ. ಅದು ನನ್ನ ತಪ್ಪು. ಕ್ಷಮಿಸ್ಬೇಕು ನೀವು."

ಎರಡೂ ಕೈ ಜೋಡಿಸಿದರು.

ಆಗ ಹೇಳಬಹುದಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ, ಅವರಿಗೆ ಕೇಳಲಿಕ್ಕೆ ಸಮಯವಿತ್ತು, ನನಗೆ ಕಳೆದುಕೊಳ್ಳಲಿಕ್ಕೆ ಏನೂ ಉಳಿದಿರಲಿಲ್ಲ. ಆದರೆ ನನ್ನ ಮನಸ್ಸಿನಲ್ಲಿ ಎದ್ದದ್ದು ಏನೆಂದರೆ, ನೋಡು, ಕ್ಷಮೆ ಕೇಳುವುದು ಕೂಡ ಈ ಮನುಷ್ಯನಿಗೆ ನನಗಿಂತ ಚೆನ್ನಾಗಿ ಬರುತ್ತದೆ. ಅದೇ ಹಳೆಯ ಉರಿ, ಅದೇ ಜಾಗದಲ್ಲಿ.

"ಪರವಾಗಿಲ್ಲ, ಬಿಡಿ," ಎಂದೆ. ದೊಡ್ಡ ಮನಸ್ಸು ಮಾಡಿದವನ ಹಾಗೆ ಅವರ ಬೆನ್ನು ಕೂಡ ತಟ್ಟಿದೆ.

ಅವರಿಗೆ ನಿಜವಾಗಿ ಹಗುರವಾಯಿತು. ಮುಖದಲ್ಲಿ ಕಂಡಿತು. ಎದ್ದು ನಿಲ್ಲಲಿಕ್ಕೆ ನನ್ನ ಕೈ ಹಿಡಿದುಕೊಂಡರು.

ಐದು ತಿಂಗಳ ನಂತರ ಕಾಕಾ ಫೋನು ಮಾಡಿ, "ನಮ್ಮ ಮೇಸ್ತ್ರಿ ಹೋದ್ರು ಪೊರ್ಬುಗಳೇ," ಎಂದರು. ಆಚೆಯಿಂದ ಅವರು ಅಳುವುದು ಕೇಳುತ್ತಿತ್ತು. ಅವರೊಟ್ಟಿಗೆ ನಾನೂ ಅತ್ತೆ. ಅಳುತ್ತಲೇ, ನಾನು ಸತ್ತರೆ ಕಾಕಾ ಹೀಗೆ ಅತ್ತಾರೋ ಎಂಬ ಯೋಚನೆ ಬಂದು ಹೋಯಿತು.

ನನ್ನ ಮಗಳು ಇದನ್ನು ಓದಿದರೆ, ಅಪ್ಪ ಅಂದು ಹೆದರಿದ್ದ ಎಂದು ಅವಳೂ ಹೇಳಬಹುದು. ಬೇಡ. ಹೆದರಿರಲಿಲ್ಲ. ಅವರು ನನಗಿಂತ ಒಳ್ಳೆಯವರಾಗಿದ್ದರು, ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಅವರು ಹೋದದ್ದು ನನ್ನ ತಪ್ಪನ್ನು ತಮ್ಮದೆಂದು ನಂಬಿಕೊಂಡು. ಬಿಸಿಲಿನಲ್ಲಿ ನಿಂತ ಇನ್ನೂರು ಜನರ ಕ್ಷಮೆಯನ್ನು ನಾನು ಒಂದಲ್ಲ ಒಂದು ರೀತಿಯಲ್ಲಿ, ಸಿಕ್ಕಿದಲ್ಲಿ, ಸಿಕ್ಕಿದವರ ಹತ್ತಿರ ಕೇಳಿಕೊಂಡಿದ್ದೇನೆ. ಸಾಲಿನಲ್ಲಿ ಕುಸಿದು ಬಿದ್ದವರ ಮನೆಗೂ ಊರಿಗೆ ಹೋದಾಗ ಹೋಗಿ ಬಂದಿದ್ದೇನೆ. ಕ್ಷಮೆ ಕೇಳದೆ ಉಳಿದದ್ದು ಒಬ್ಬರದ್ದು ಮಾತ್ರ, ಡಕ್ಟ್ ಮೇಸ್ತ್ರಿಯದ್ದು.